ಸೋಮವಾರ ಬರುವ ಜೀಪು

ಹಾಗಲವಾಡಿ
ಶುಕ್ರವಾರ, 14-11-2025

ಗುಬ್ಬಿಯಪ್ಪನ ಪಾದಕ್ಕೆ ಶರಣೆಂದು ಬರೆಯುತ್ತಿದ್ದೇನೆ.

ನನ್ನ ಸೊಸೆ, ಮಗಳು ದೀಪಿಕಾಳಿಗೆ,

ನಾವಿಲ್ಲಿ ಶಿವ ಇಟ್ಟ ಹಾಗೆ ಇದ್ದೇವೆ. ನೀನೂ, ನಿಮ್ಮ ಅಮ್ಮನೂ, ಅಣ್ಣ ಚನ್ನೇಶನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ದಸರೆಯಲ್ಲೇ ಬರೆಯಬೇಕು ಅಂತ ಇದ್ದವಳು ಕಾರ್ತಿಕ ಮುಗಿಯುವ ಹೊತ್ತಿಗೆ ಪೆನ್ನು ಹಿಡಿದಿದ್ದೇನೆ. ಮೊದಲು ಮಳೆ ಬಿಡಲಿಲ್ಲ, ಆಮೇಲೆ ರಾಗಿ ತೆನೆ ಬಾಗಿತು, ಕೊಯ್ಲಿಗೆ ಆಳು ಸಿಗಲಿಲ್ಲ. ಇವೆಲ್ಲ ನೆಪ ಅಂತ ನಿನಗೂ ಗೊತ್ತು. ನಿನಗೆ ಏನು ಬರೆಯಬೇಕು ಅಂತ ತಿಳಿಯದೆ ಸುಮ್ಮನಿದ್ದೆ. ಬೇಜಾರು ಮಾಡಿಕೊಳ್ಳಬೇಡ.

ಫೋನಿದ್ದೂ ಅತ್ತೆ ಕಾಗದ ಬರೆದಿದ್ದಾರಲ್ಲ ಅಂತ ನಿನಗೆ ಅನ್ನಿಸಬಹುದು. ನಿಮ್ಮ ಮಾವ ಫೋನನ್ನು ಸ್ಪೀಕರಿಗೆ ಹಾಕದೆ ಮಾತಾಡಿದ್ದನ್ನು ನೀನು ಎಂದಾದರೂ ನೋಡಿದ್ದೀಯಾ? ನಾನು ಹಿತ್ತಲಿಗೆ ಹೋಗಿ ಮಾತಾಡಿದರೂ "ಯಾರೇ ಅದು, ದೀಪಿಕಾನಾ? ಕೊಡಿಲ್ಲಿ" ಅಂತ ಬಂದು ನಿಲ್ಲುತ್ತಾರೆ. ಈಗ ಬರೆಯುವ ಸಂಗತಿ ಅವರ ಕಿವಿಗೆ ಬೀಳಬಾರದು. ನನ್ನ ನಾದಿನಿ ಹೊಂಬಾಳಮ್ಮ ನಾಳೆ ಎಡೆಯೂರಿಗೆ ಹೋಗುತ್ತಿದ್ದಾಳೆ. ದಾರಿಯಲ್ಲಿ ಕುಣಿಗಲ್ಲಿನಲ್ಲಿ ಇಳಿದು ಇದನ್ನು ನಿನ್ನ ಕೈಗೇ ಕೊಡಬೇಕು, ನಿಮ್ಮಣ್ಣನ ಕೈಗೂ ಬೇಡ ಅಂತ ಹೇಳಿ ಕೊಡುತ್ತೇನೆ. ಒಬ್ಬಳೇ ಇರುವಾಗ ಓದು. ಕೂತುಕೊಂಡು ಓದು. ನನಗೆ ಕೂರು ಅಂತ ಹೇಳುವವರು ಯಾರೂ ಇರಲಿಲ್ಲ, ನಿಂತ ಜಾಗದಲ್ಲೇ ಗೊತ್ತಾಯಿತು.

ಮಂಗಳವಾರ ನಮ್ಮ ಮಲ್ಲಿಕಾರ್ಜುನನ ವರ್ಷದ ಪೂಜೆ. ನನ್ನ ಮಗ ಹೋಗಿ, ನಿನ್ನ ಗಂಡ ಹೋಗಿ ವರ್ಷ ತುಂಬಿಬಿಟ್ಟಿತು. ಅದಕ್ಕೆ ನಿನ್ನನ್ನು ಕರೆತರಲು ನಿಮ್ಮ ಮಾವ ಸೋಮವಾರ ಬೆಳಿಗ್ಗೆ ಜೀಪು ತೆಗೆದುಕೊಂಡು ಕುಣಿಗಲ್ಲಿಗೆ ಬರುತ್ತಾರೆ. ಕಡೇ ಕಾರ್ತಿಕ ಸೋಮವಾರ, ಒಳ್ಳೆಯ ದಿನ ಅಂತ ಅವರೇ ಗೊತ್ತು ಮಾಡಿದ್ದಾರೆ. ಅವರು ನಿನ್ನ ಬಾಗಿಲಿಗೆ ಬರುವ ಮೊದಲು ಆ ಜೀಪಿಗೆ ಏನಾಗಿದೆ ಅಂತ ನೀನು ತಿಳಿದಿರಬೇಕು. ಅದಕ್ಕೇ ಈ ಕಾಗದ.

ಜೀಪು ನಿನಗೆ ಗೊತ್ತಿರುವುದೇ. ನನ್ನ ಮಾವನವರು ಮಿಲಿಟರಿ ಹರಾಜಿನಲ್ಲಿ ತಂದದ್ದು. ನಾನು ಈ ಮನೆಗೆ ಮದುಮಗಳಾಗಿ ಬಂದದ್ದೂ ಅದರಲ್ಲೇ, ಬಂದು ಇಳಿದಾಗ ಬಾಸಿಂಗ ಕಿವಿಗೆ ಬಂದಿತ್ತು. ಕಲ್ಲು, ಕೆಸರು, ಏರಿ ಎಲ್ಲಿಗೆ ಬಿಟ್ಟರೂ ಹತ್ತುತ್ತದೆ. ತಿರುಗಿಸುವವನ ಜೀವ ಮಾತ್ರ ತಿನ್ನುತ್ತದೆ. ಅದಕ್ಕೇ ಊರವರು ಅದಕ್ಕೆ ಕೋಣ ಅಂತ ಹೆಸರಿಟ್ಟಿರುವುದು. ತೋಟದ ಬದುವಿನಲ್ಲಿ ಹಿಂದೆ ಮುಂದೆ ಮಾಡಬೇಕಾದರೆ ನಿಮ್ಮ ಮಾವ ಸೀಟಿನಿಂದ ಅರ್ಧ ಎದ್ದು, ಹಲ್ಲು ಕಚ್ಚಿ, ಸ್ಟೇರಿಂಗಿನ ಮೇಲೆ ಬಿದ್ದುಬಿಡುತ್ತಿದ್ದರು. ಪವರ್ ಸ್ಟೇರಿಂಗ್ ಹಾಕಿಸೋಣ ಅಂತ ಮಲ್ಲು ಎಷ್ಟು ಸಲ ಕೇಳಿದ. ಕೇಳಿದಾಗಲೆಲ್ಲ ಒಂದೇ ಮಾತು: "ಪವರ್ ಸ್ಟೇರಿಂಗು ಸೋಂಬೇರಿಗಳಿಗೆ ಕಣ್ಲಾ. ಕೆಳಗಡೆ ನೆಲ ಏನ್ ಹೇಳ್ತೈತೆ ಅನ್ನೋದು ಕೈಗೆ ಗೊತ್ತಾಗ್ಬೇಕು. ಗೊತ್ತಾಗ್ದೆ ಇರೋನು ಡ್ರೈವರ್ರೇ ಅಲ್ಲ."

ನೀನು ಮದುವೆಯಾಗಿ ಬಂದ ಹೊಸದರಲ್ಲಿ "ಮಾವ, ನಂಗೂ ಕಲಿಸಿ" ಅಂದಿದ್ದೆ, ನೆನಪಿದೆಯಾ? "ಕೋಣ ನಿನ್ನ ಮಾತ್ ಕೇಳಲ್ಲ ಮಗಾ, ಮೊದ್ಲು ಒಂದೊಪ್ಪತ್ತಿಗೆ ಎರಡು ಮುದ್ದೆ ಉಣ್ಣೋದ್ ಕಲಿ" ಅಂತ ನಕ್ಕಿದ್ದರು. ಮಲ್ಲು ನಿನ್ನ ತೋಳು ಹಿಡಿದು ತೋರಿಸಿ, "ಇದು ತೋಳಲ್ಲಪ್ಪ, ನುಗ್ಗೆಕಾಯಿ" ಅಂದ. ನೀನು ಸೌಟು ಎತ್ತಿಕೊಂಡು ಅವನನ್ನು ಜಗಲಿಯವರೆಗೂ ಅಟ್ಟಿಸಿಕೊಂಡು ಹೋದೆ.

ಅಂಥ ಮನುಷ್ಯ ದಸರೆ ಕಳೆದ ಮೇಲೆ ಒಂದು ದಿನ ಜೀಪು ತೆಗೆದುಕೊಂಡು ತುಮಕೂರಿಗೆ ಹೋದವರು ಬಸ್ಸಿನಲ್ಲಿ ವಾಪಸ್ ಬಂದರು. "ಜೀಪೆಲ್ಲಿ?" ಅಂದೆ. "ಶಿರಾ ಗೇಟಲ್ಲಿ ಗ್ಯಾರೇಜಿಗೆ ಬುಟ್ ಬಂದಿವ್ನಿ. ಬ್ರೇಕ್ ಕೆಲ್ಸ ಐತೆ" ಅಂದರು. ಬ್ರೇಕಿಗೆ ಇಷ್ಟು ದಿನವೇ ಅಂತ ಅನುಮಾನ ಬಂತು, ಕೇಳಲಿಲ್ಲ. ನೀನು ಹೋದ ಮೇಲೆ ಈ ಮನೆಯಲ್ಲಿ ಯಾರೂ ಯಾರನ್ನೂ ಹೆಚ್ಚಿಗೆ ಕೇಳುವುದಿಲ್ಲ. ಮೊನ್ನೆ ಬುಧವಾರ "ಸ್ನಾನ ಮಾಡಿ ಪೂಜೆ ಸಾಮಾನು ತಗೊಂಡು ನಡಿ, ಗಾಡಿ ರೆಡಿ ಐತಂತೆ" ಅಂದರು. ಇಬ್ಬರೂ ಬಸ್ಸಿಗೆ ಹೋದೆವು.

ಗ್ಯಾರೇಜಿನವನ ಹೆಸರು ಗುರುಪ್ರಕಾಶ. ಉದ್ದನೆ ಹುಡುಗ, ಬಾಯಿ ತುಂಬಾ ಮಾತು. ನಾನು ಕಾಲಿಡುವ ಮೊದಲೇ "ಬನ್ನಿ ಅಮ್ಮ, ನಿಮ್ ಕೋಣ ಈಗ ಕರು ಆಗೈತೆ, ಕಿವಿ ಹಿಡಿದ್ರೆ ಸಾಕು ತಿರುಗ್ತದೆ" ಅಂದ. ನನಗೆ ಅರ್ಥವಾಗಲಿಲ್ಲ. ಅವನೇ ಬಾಗಿಲು ತೆಗೆದು ತೋರಿಸಿದ. ಹಳೆಯ ದೊಡ್ಡ ಸ್ಟೇರಿಂಗು ಇಲ್ಲ. ಅದರ ಜಾಗದಲ್ಲಿ ಕಾರಿನ ಸಣ್ಣ ಸ್ಟೇರಿಂಗು. ಅದರ ಕೆಳಗೆ ದಪ್ಪನೆಯ ರಾಡು, ರಾಡಿಗೆ ಅಂಟಿಕೊಂಡು ಒಂದು ಮೋಟಾರು. "ಕೆಳಗಡೆ ಬಾಕ್ಸು ಹಳೇದೇ ಅಮ್ಮ. ಮೇಲಿಂದಷ್ಟೇ ಕಾರಿಂದು ತಂದು ಜಾಯಿಂಟ್ ಕೊಟ್ಟಿವ್ನಿ. ನೀವು ಒಂಚೂರು ತಿರುಗ್ಸುದ್ರೆ ಮಿಕ್ಕಿದ್ದು ಈ ಮೋಟ್ರೇ ತಳ್ತದೆ. ಹೊಸದು ಹಾಕೋಣ ಅಂದೆ, ಯಜಮಾನ್ರು ಒಪ್ಲಿಲ್ಲ, ಅವರೇ ಗುಜರಿ ಅಂಗ್ಡಿಗೆ ಕರ್ಕೊಂಡೋಗಿ ಇದೇ ಬೇಕು ಅಂತ ಬಿಚ್ಚಿಸುದ್ರು" ಅಂದ.

ನಿಮ್ಮ ಮಾವ ಗೋಡೆ ನೋಡುತ್ತಾ ನಿಂತಿದ್ದರು. "ನೀವೇ ಹಾಕ್ಸಿದ್ರಾ ಪವರ್ ಸ್ಟೇರಿಂಗು?" ಅಂದೆ. "ಹೂಂ. ಪೂಜೆ ಮಾಡು, ಹೊತ್ತಾಗ್ತೈತೆ" ಅಂದರು.

ಚಕ್ರಗಳಿಗೆ ನಿಂಬೆಹಣ್ಣು ಇಟ್ಟೆ, ಹೂ ಹಾಕಿದೆ, ಸ್ಟೇರಿಂಗಿಗೆ ವಿಭೂತಿ ಹಚ್ಚಿದೆ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ, ಗಾಡಿ ಯಾವುದೇ ಬರಲಿ, ಗುಬ್ಬಿಯಪ್ಪನ ಗುಡಿಯ ವಿಭೂತಿಯನ್ನು ಒಂದು ಚೂರು ಬಟ್ಟೆಯಲ್ಲಿ ಗಂಟು ಕಟ್ಟಿ ಸ್ಟೇರಿಂಗಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಹಾಗೆ ಬಿಗಿಯುವುದು. ಆ ಬಟ್ಟೆ ಗಾಡಿ ಓಡಿಸುವವನ ಹೆಂಡತಿಯ ಮದುವೆ ಸೀರೆಯ ಸೆರಗಿನದೇ ಆಗಬೇಕು. ನನ್ನ ಅತ್ತೆ ಹೇಳಿಕೊಟ್ಟದ್ದು, ಅವರಿಗೆ ಅವರ ಅತ್ತೆ. ನನ್ನ ಸೀರೆಯ ಚೂರು ಹಳೆಯ ಸ್ಟೇರಿಂಗಿನ ಜೊತೆಗೇ ಹೋಗಿರಬೇಕು ಅಂದುಕೊಂಡು ಹೊಸದೊಂದು ಗಂಟು ಮಾಡಿ ತಂದಿದ್ದೆ. ಕಟ್ಟೋಣ ಅಂತ ಕೈ ಕೆಳಗೆ ಹಾಕಿದರೆ ಬೆರಳಿಗೆ ಒಂದು ಗಂಟು ಸಿಕ್ಕಿತು.

ಬಗ್ಗಿ ನೋಡಿದೆ. ಮಣ್ಣು ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದೆ. ನವಿಲು ಬಣ್ಣ, ಅದಕ್ಕೆ ಅರಿಶಿನದ ಅಂಚು.

ದೀಪಿಕಾ, ನಿನ್ನ ಸೀರೆ ಕಣವ್ವ ಅದು.

ನಿಮ್ಮ ಬಿಳಿ ಕಾರು ಬಂದ ದಿನ ಗುಬ್ಬಿಯಲ್ಲಿ ಗುಡಿಯ ಮುಂದೆ ನಾನು ನಿನ್ನ ಸೆರಗಿನ ತುದಿ ಕತ್ತರಿಸಿದಾಗ "ಅಯ್ಯೋ ಅತ್ತೆ, ರೇಷ್ಮೆ!" ಅಂತ ಕೂಗಿದ್ದೆ. ನಾನೇ ಕಟ್ಟಿದ ಗಂಟು. ನನ್ನ ಗಂಟು ನನಗೆ ಗೊತ್ತಾಗುವುದಿಲ್ಲವೇ? ಎರಡು ಸುತ್ತು ಹಾಕಿ ಒಳಗಿಂದ ಎಳೆಯುವುದು, ಈ ಊರಿನಲ್ಲಿ ಇನ್ಯಾರೂ ಹಾಗೆ ಕಟ್ಟುವುದಿಲ್ಲ. ಕಾರು ಮಗುಚಿ ನನ್ನ ಮಗನನ್ನು ಹೊರಗೆ ಎಸೆಯಿತು, ಗಂಟು ಮಾತ್ರ ಬಿಚ್ಚಿಕೊಂಡಿಲ್ಲ.

ನನ್ನ ಕೈಲಿದ್ದ ತೆಂಗಿನಕಾಯಿ ಜಾರಿ ಗ್ರೀಸಿನ ಗುಂಡಿಗೆ ಉರುಳಿತು. ಗುರುಪ್ರಕಾಶ ಗಾಬರಿಯಾಗಿ "ಅದುನ್ನ ಬಿಚ್ಚಬೇಕಿತ್ತಾ ಅಮ್ಮ? ಗುಜರಿಯವ್ರೂ ಮುಟ್ಟಿಲ್ಲ, ನಾನೂ ಬ್ಲೇಡ್ ಹಾಕ್ಲಿಲ್ಲ. ದೇವ್ರ ದಾರ ಯಾರೂ ಕುಯ್ಯಲ್ಲ ನಮ್ ಲೈನಲ್ಲಿ" ಅಂದ. ನಾನು ನಿಮ್ಮ ಮಾವನ ಮುಖ ನೋಡಿದೆ.

"ಹೌದು ಕಣೇ, ಅದೇ ಕಾರಿಂದು" ಅಂದರು. "ಗುಜರಿಲಿ ಬಿದ್ದಿತ್ತು. ಇವತ್ತಲ್ಲ ನಾಳೆ ಕರಗಿಸ್ತಿದ್ರು. ಅವ್ನು ಹಿಡಿದಿದ್ದು, ಇನ್ಯಾರ್ ಪಾಲಾಗ್ಬೇಕು?"

"ನನಗೊಂದ್ ಮಾತ್ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಬ್ಯಾಡ ಅಂತಿದ್ದೆ."

ಅಷ್ಟು ಹೇಳಿ ಇನ್ನೊಂದು ಕಾಯಿ ತರಲು ರಸ್ತೆ ದಾಟಿ ಹೋದರು. ನಾನು ಜೀಪಿನ ಬಾಗಿಲು ಹಿಡಿದು ನಿಂತಿದ್ದೆ.

ಕಾಯಿ ಒಡೆದು ಹೊರಟೆವು. ನಾನು ಆ ಸ್ಟೇರಿಂಗನ್ನು ನೋಡಲಾರದೆ ಹೊರಗೆ ನೋಡುತ್ತಿದ್ದೆ. ಅವರು ಒಂದು ಬೆರಳಿನಲ್ಲಿ ತಿರುಗಿಸಿ ತೋರಿಸಿದರು. "ನೋಡಿಲ್ಲಿ, ಬೆಣ್ಣೆಲಿ ಕೂದ್ಲು ಎಳ್ದಂಗೆ." ಗುಬ್ಬಿ ದಾಟುವವರೆಗೂ ಮಗುವಿನ ಹಾಗೆ ಅದೇ ಮಾತು. ಆಮೇಲೆ, ದಿನಾ ಶುರುವಾಗುವ ಹಾಗೆ, ಅದು ಶುರುವಾಯಿತು. ನಿನಗೆ ಅದು ಗೊತ್ತಿಲ್ಲ. ನೀನು ತವರಿಗೆ ಹೋದ ಮೇಲೆ ಹತ್ತಿದ ಚಟ. ಮಗನನ್ನು ಬಯ್ಯುವುದು.

"ನೆಟ್ಟಗಿರೋ ರಸ್ತೆ ಕಣೇ. ಹಗಲು. ಎದುರುಗಡೆಯಿಂದ ಒಂದ್ ನಾಯೂ ಬಂದಿಲ್ಲ. ಹೆಂಗ್ ಮಗುಚ್ದ? ಕೈಲಿ ಫೋನ್ ಹಿಡ್ಕೊಂಡಿರ್ಬೇಕು. ಇಲ್ಲ ಮೆರೆದಿರ್ಬೇಕು. ನಾನ್ ಕಲ್ಸಿದ್ದು ಹಂಗಾ? ಪಕ್ಕದಲ್ಲಿ ಹೆಂಡ್ತಿ ಕೂತವ್ಳೆ, ಒಂದ್ ಎಚ್ಚರ ಬ್ಯಾಡ್ವಾ? ಬೇವರ್ಸಿ ನನ್ ಮಗ. ಆ ಹುಡುಗಿ ಬಾಳು ಕಳುದ್ನಲ್ಲ."

ವರ್ಷದಿಂದ ಇದು. ಊಟಕ್ಕೆ ಕೂತರೆ ಇದು, ತೋಟಕ್ಕೆ ನೀರು ಬಿಡುವಾಗ ಇದು. ಮಲ್ಲುವಿನ ಫೋಟೋ ಕಟ್ಟು ಹಾಕಿಸಿ ತಂದಿದ್ದೇನೆ, ಗೋಡೆಗೆ ಹಾಕಲು ಬಿಟ್ಟಿಲ್ಲ. "ಪಕ್ಕದಲ್ಲಿರೋರ ಜೀವದ ಮೇಲೆ ನಿಗಾ ಇಲ್ದೋನಿಗೆ ಹಾರ ಬೇರೆ ಕೇಡು" ಅನ್ನುತ್ತಾರೆ. ಟವಲಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ. ಮಂಗಳವಾರ ಮಠದಿಂದ ಅಯ್ಯನವರು ಬರುತ್ತಾರೆ, ಪೂಜೆಗೆ ಫೋಟೋ ಇಡಬೇಕಲ್ಲ ಅಂದರೆ, "ಬರೀ ಗದ್ದಿಗೆಗೆ ಮಾಡ್ಸು" ಅಂದುಬಿಟ್ಟರು. ಹೆತ್ತ ಮಗನಿಗೆ ವರ್ಷದ ದಿನ ಅಪ್ಪನ ಕೈಯಿಂದ ಒಂದು ಹೂ ಬೀಳುವುದಿಲ್ಲವಲ್ಲ ಅಂತ ನಾನು ಲಿಂಗಪೂಜೆಗೆ ಕೂತರೆ ಮನಸ್ಸು ನಿಲ್ಲುವುದಿಲ್ಲ. ಸ್ಟೇರಿಂಗು ಮಾತ್ರ ಗುಜರಿಯಿಂದ ಹುಡುಕಿ ತಂದರು. ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡೇ ಅವನನ್ನು ಬಯ್ಯುತ್ತಾರೆ. ಇದು ಏನು ಮನಸ್ಸು ಅಂತ ನನಗೆ ಬಗೆಹರಿಯಲಿಲ್ಲ.

ಊರು ಸೇರಿ ಮನೆ ಬಾಗಿಲಿಗೆ ಬಂದಾಗ ಪಕ್ಕದ ಮನೆ ಗಿರಿಯಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದವಳು, ಜೀಪು ಒಂದೇ ಸಲಕ್ಕೆ ತಿರುಗಿ ಅಂಗಳಕ್ಕೆ ಬಂದದ್ದು ನೋಡಿ ಬಾಯಿ ಬಿಟ್ಟಳು. "ಏನ್ ಚನ್ನಬಸಣ್ಣ, ಕೋಣಕ್ಕೆ ಮೂಗುದಾರ ಹಾಕ್ಸಿದ್ಯಾ? ಕಡೆಗಾಲಕ್ಕೆ ತೋಳು ಸೋತೋಯ್ತೋ?" ಅಂದಳು. ಮೊದಲಾಗಿದ್ದರೆ ಇವರೂ ಒಂದು ಅಂದುಬಿಡುತ್ತಿದ್ದರು. ಈ ಸಲ ನಕ್ಕು, "ನನಗಲ್ಲ ಗಿರಿಯಕ್ಕ, ನನ್ ಸೊಸೆಗೆ" ಅಂದರು.

ನಾನು ಪೂಜೆ ಸಾಮಾನು ಜೀಪಿನಲ್ಲೇ ಬಿಟ್ಟು ಅವರ ಹಿಂದೆಯೇ ಒಳಗೆ ನಡೆದೆ.

ಇಲ್ಲಿಯವರೆಗೆ ಬರೆಯುವಷ್ಟರಲ್ಲಿ ಅವರು ತೋಟದಿಂದ ಬಂದುಬಿಟ್ಟರು. ಬರೆಯುವುದನ್ನು ನಿಲ್ಲಿಸಿ ಕಾಗದವನ್ನು ಮೊರದ ಅಡಿಗೆ ಸೇರಿಸಿ ರಾಗಿ ಕೇರಿದೆ. ಈಗ ಮತ್ತೆ ತೋಟಕ್ಕೆ ಹೋಗಿದ್ದಾರೆ.

ಎಲ್ಲಿ ಬಿಟ್ಟೆ? ಹೂಂ. ಒಳಗೆ ಬಂದ ಮೇಲೆ ಕೇಳಿದೆ, ಸೊಸೆಗೆ ಅಂದರೇನು ಅಂತ. ಕಾಲು ತೊಳೆದುಕೊಂಡು, ಕಂಬಕ್ಕೆ ಒರಗಿ ಕೂತು, ಎಷ್ಟೋ ದಿನದ ಮೇಲೆ ಖುಷಿಯಾಗಿ ಹೇಳಿದರು. "ಗುಬ್ಬಿ ಸಂತೇಲಿ ಅವ್ರಣ್ಣ ಚನ್ನೇಶ ಸಿಕ್ಕಿದ್ದ. ದೀಪಿಕಾ ಯಾವ ಗಾಡಿಗೂ ಮುಂದ್ಗಡೆ ಕೂರಲ್ವಂತೆ. ತಾಲ್ಲೂಕಾಫೀಸಿಗೂ ನಡ್ಕೊಂಡೇ ಹೋಗ್ತಾಳಂತೆ. ಆಟೋ ಹಾರ್ನ್ ಹೊಡುದ್ರೆ ಅಲ್ಲೇ ನಿಂತ್ಬುಡ್ತಾಳಂತೆ. ಹಿಂಗಾದ್ರೆ ಬದುಕೋದೆಂಗೆ ಹೇಳು ಆ ಮಗು? ಎತ್ತಿನ ಮೇಲಿಂದ ಬಿದ್ದೋನ್ನ ಮತ್ತೆ ಎತ್ತಿನ ಮೇಲೇ ಹತ್ತಿಸ್ಬೇಕು. ಕೋಣ ಭಾರ ಅಂತ ಆವತ್ತು ನಾನೇ ಕಲ್ಸಿಲ್ಲ. ಈಗ ಹಗುರ ಆಗೈತೆ. ಸೋಮವಾರ ಕೀಲಿ ಅವಳ ಕೈಗೇ ಕೊಡ್ತೀನಿ. ಕುಣಿಗಲ್ ಕೆರೆ ಏರಿ ಹತ್ರ ರಸ್ತೆ ಖಾಲಿ ಇರ್ತದೆ, ಅಲ್ಲಿಂದ ಅವಳೇ ಓಡುಸ್ಲಿ. ನಾನ್ ಪಕ್ಕದಲ್ಲಿ ಕೂತಿರ್ತೀನಿ. ಜೀಪೂ ಅವಳಿಗೇ."

"ಆ ಸ್ಟೇರಿಂಗ್ ಹಿಡಿ ಅಂತೀರಾ ಅವಳಿಗೆ? ಆ ಸ್ಟೇರಿಂಗನ್ನಾ?" ಅಂದೆ.

"ಯಾವ್ದು ಅಂತ ಹೇಳಲ್ಲ. ಓಡ್ಸಿ ಕೈ ಪಳಗಿದ್ ಮೇಲೆ ಹೇಳ್ತೀನಿ. ಅವ್ನು ಓಡ್ಸಿ ಕೆಡ್ಸಿದ್ದನ್ನ ಅವಳು ಓಡ್ಸಿ ಸರಿ ಮಾಡ್ಲಿ. ನೀನು ಬಾಯಿ ಮುಚ್ಕೊಂಡಿರು. ಗಂಟನ್ನೂ ಬಿಚ್ಚಬ್ಯಾಡ, ಅದ್ರ ಪಾಡಿಗೆ ಇರ್ಲಿ."

ಕೆಂಪು ಎಲ್ ಬೋರ್ಡು ತಂದು ಜೀಪಿನ ಮುಂದೂ ಹಿಂದೂ ಅಂಟಿಸಿದ್ದಾರೆ. ನೀನು ಕೂತರೆ ಎತ್ತರಕ್ಕೆ ಇರಲಿ ಅಂತ ದಿಂಬು ಹೊಲಿಸಿದ್ದಾರೆ. ಬಂದಾಗಿನಿಂದ ಎರಡು ಸಂಜೆಯೂ ಜೀಪು ಒರೆಸಿದ್ದಾರೆ. ಒಂದು ವರ್ಷದಲ್ಲಿ ಅವರು ಆಸೆಪಟ್ಟು ಮಾಡಿದ ಕೆಲಸ ಇದೊಂದೇ ಮಗಳೇ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಸುಮ್ಮನಿರಲೂ ಆಗುತ್ತಿಲ್ಲ. ಏನೂ ತಿಳಿಯದೆ ನೀನು ಹತ್ತಿ ಕೂತು, ಕೈ ಕೆಳಗೆ ಹೋಗಿ, ನನ್ನ ಹಾಗೆಯೇ ನಿನ್ನ ಬೆರಳಿಗೂ ಅದು ಸಿಕ್ಕಿಬಿಟ್ಟರೆ? ಅದೂ ಓಡುವ ಗಾಡಿಯಲ್ಲಿ?

ಅದಕ್ಕೇ ಮೊದಲೇ ತಿಳಿಸುತ್ತಿದ್ದೇನೆ. ನಿನಗೆ ಆಗುವುದಿಲ್ಲ ಅಂದರೆ ಜ್ವರ ಅಂತ ಮಲಗಿಬಿಡು. ಅವರು ಬಲವಂತ ಮಾಡುವವರಲ್ಲ, ಮಾತ್ರೆ ತಂದುಕೊಟ್ಟು, ಬೇರೆ ಗಾಡಿ ಮಾಡಿ ಕರೆತರುತ್ತಾರೆ. ಹತ್ತಿ ಕೂರುವುದಾದರೆ ತಿಳಿದು ಕೂರು. ಯಾವುದು ಮಾಡಿದರೂ ನಾನು ತಪ್ಪು ತಿಳಿಯುವುದಿಲ್ಲ. ಪೂಜೆಗೆ ಮಾತ್ರ ತಪ್ಪಿಸಬೇಡ. ನೀನಿಲ್ಲದೆ ನಾನು ಯಾರ ಪಕ್ಕ ಕೂರಲಿ?

ಮಿಕ್ಕ ಸುದ್ದಿ ಏನಿಲ್ಲ. ಕೆಂದ ಹಸು ಹೆಣ್ಣು ಕರು ಹಾಕಿದೆ. ನೀನು ನೆಟ್ಟಿದ್ದ ಕನಕಾಂಬರ ಈ ಮಳೆಗೆ ಬೇಲಿ ಮುಚ್ಚಿದೆ, ಮಂಗಳವಾರಕ್ಕೆ ಹೂ ಹೊರಗಿನಿಂದ ತರುವ ಹಾಗಿಲ್ಲ. ಹೊಂಬಾಳಮ್ಮನ ಕೈಲಿ ಕೊಬ್ಬರಿ, ಹುರಿಟ್ಟು ಕಳಿಸಿದ್ದೇನೆ. ಹುರಿಟ್ಟಿಗೆ ಏಲಕ್ಕಿ ಹಾಕಿದ್ದೇನೆ, ನಿನಗೆ ಅಂತಲೇ.

ಊಟ ಬಿಡಬೇಡ. ದಿನಾ ಹಣೆಗೆ ವಿಭೂತಿ ಇಟ್ಟುಕೋ. ವರ್ಷ ತುಂಬಿದ ಮೇಲೆ ನಿನ್ನ ಮುಂದೆ ಇನ್ನೂ ಬದುಕಿದೆ, ಅದಕ್ಕೆ ನಾನು ಅಡ್ಡ ಬರುವವಳಲ್ಲ. ಆ ಗುಬ್ಬಿಯಪ್ಪ ನಿನ್ನನ್ನು ಅಂಗೈಯಲ್ಲಿಟ್ಟು ಕಾಯಲಿ.

ಇಂತಿ ನಿನ್ನ ಅತ್ತೆ,
ಗಂಗಾಂಬಿಕೆ

ವಿ. ಸೂ.: ಸಹಿ ಹಾಕಿ, ಮಡಿಸಿ, ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ ಮೇಲೆ ಬರೆದದ್ದೆಲ್ಲ ಬೂಟಾಟಿಕೆ.

ಆವತ್ತು ನಿಮ್ಮ ಮಾವ ಇನ್ನೊಂದು ಕಾಯಿ ತರಲು ಹೋದಾಗ ಆ ಗುರುಪ್ರಕಾಶ ಸುಮ್ಮನಿರಲಾರದೆ ಮಾತಾಡುತ್ತಾ ನಿಂತಿದ್ದ. ನಮ್ಮ ಮಗನ ಕಾರು ಅಂತ ಅವನಿಗೂ ಆಗಲೇ ತಿಳಿದದ್ದು. "ಪಾಪ ಅಮ್ಮ. ನಾನ್ ಆ ಕಾರೊಳಗೆ ತೂರಕ್ಕೆ ಎಷ್ಟ್ ಕಷ್ಟಪಟ್ಟೆ ಗೊತ್ತಾ? ಯಜಮಾನ್ರು ಗೇಟ್ ಹತ್ರಾನೇ ನಿಂತ್ಬುಟ್ರು, ಕಾರಿನ ಹತ್ರಕ್ಕೇ ಬರ್ಲಿಲ್ಲ. ಡ್ರೈವರ್ ಸೀಟು ಪೂರ್ತಿ ಮುಂದುಕ್ಕೆ ಎಳ್ಕೊಂಡು ಅಲ್ಲೇ ತುಕ್ಕು ಹಿಡ್ದಿತ್ತು. ನನ್ ಮಂಡಿ ಹಿಡಿಸ್ಲಿಲ್ಲ. ಸೀಟ್ ಬಿಚ್ಚಿ ಈಚೆಗೆ ಹಾಕುದ್ ಮೇಲೇ ಸ್ಟೇರಿಂಗಿಗೆ ಕೈ ಹಾಕೋಕಾಗಿದ್ದು" ಅಂದ. ಆಮೇಲೆ ಮೆಲ್ಲಗೆ ಕೇಳಿದ: "ಬೇಜಾರ್ ಮಾಡ್ಕೋಬ್ಯಾಡಿ. ನಿಮ್ ಮಗ ಅಷ್ಟೊಂದ್ ಕುಳ್ಳಗಿದ್ರಾ ಅಮ್ಮ?"

ಮಲ್ಲು ಅಡುಗೆಮನೆ ಬಾಗಿಲಲ್ಲಿ ತಲೆ ತಗ್ಗಿಸದೆ ಒಂದು ದಿನವೂ ಒಳಗೆ ಬಂದದ್ದಿಲ್ಲ. ಆ ಕಾರಿನಲ್ಲಿ ಅವನು ಸೀಟನ್ನು ಹಿಂದಕ್ಕೆ ತಳ್ಳಿಕೊಂಡರೆ ಹಿಂದೆ ಕೂತ ನನ್ನ ಕಾಲಿಗೆ ಜಾಗ ಇರುತ್ತಿರಲಿಲ್ಲ. ಆ ಕಾರಿನಲ್ಲಿ ಅಷ್ಟು ಮುಂದಕ್ಕೆ ಕೂರಬೇಕಾದವಳು ನೀನೊಬ್ಬಳೇ.

"ಹೂಂ ಕಣಪ್ಪ, ಕುಳ್ಳಗಿದ್ದ" ಅಂದೆ. ಕೈಲಿ ವಿಭೂತಿ ಗಟ್ಟಿ ಹಿಡಿದುಕೊಂಡು ಸುಳ್ಳು ಹೇಳಿದೆ. ಅಷ್ಟರಲ್ಲಿ ಅವರು ಕಾಯಿ ತಂದರು.

ಅವನು ನಿನಗೆ ಕಲಿಸುತ್ತಿದ್ದ. ಅಲ್ಲವೇನವ್ವ? ಕೋಣ ಓಡಿಸುವುದನ್ನು ಕಲಿಸುವುದಿಲ್ಲ ಅಂತ ಮಾವ ಅಂದದ್ದಕ್ಕೆ ಕಾರಿನಲ್ಲಿ ಕಲಿಸುತ್ತಿದ್ದ. ನೆಟ್ಟಗಿರುವ ರಸ್ತೆ, ಹಗಲು, ಎದುರಿಗೆ ಯಾರೂ ಇಲ್ಲ. ಕಲಿಯುವವರನ್ನು ಕರೆದುಕೊಂಡು ಹೋಗುವುದು ಅಂಥ ರಸ್ತೆಗೇ. ಇದನ್ನು ನಿಮ್ಮ ಮಾವ ವರ್ಷದಿಂದ ದಿನಾ ಬಾಯಲ್ಲಿ ಹೇಳುತ್ತಿದ್ದರೂ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಮಲ್ಲುವೇ ಓಡಿಸುತ್ತಿದ್ದ ಅಂತ ಪೊಲೀಸರಿಗೆ ಹೇಳಿದ್ದು ನಿಮ್ಮಣ್ಣ. ನೀನು ಆವತ್ತು ಗೋಡೆಗೆ ಮುಖ ಮಾಡಿ ಮಲಗಿದ್ದೆ. ನೀನಾಗಿ ಆ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ಅದೂ ಈಗಲೇ ನೆನಪಾಯಿತು.

ಮೊದಲು ನಿನ್ನ ಮೇಲೆ ಬೆಂಕಿಯಂಥ ಸಿಟ್ಟು ಬಂತು. ಬಚ್ಚಿಡುವುದಿಲ್ಲ. ಬುಧವಾರವೂ ಗುರುವಾರವೂ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಲಿಂಗದ ಮುಂದೆ ಕೂತೆ. ಗಾಡಿ ಯಾರ ಕೈಯಲ್ಲಾದರೂ ಮಗುಚುತ್ತದೆ, ಕಲಿಯುವವರ ಕೈಯಲ್ಲಿ ಮಗುಚಿತು. ಅದನ್ನು ನಾನು ನಿನ್ನ ತಲೆಗೆ ಕಟ್ಟುವುದಿಲ್ಲ. ಪೊಲೀಸು, ಕೋರ್ಟು ನನಗೆ ಬೇಡ. ನಾನು ತಿಳಿದದ್ದು ತಪ್ಪಾದರೆ ಈ ಹಾಳೆ ಹರಿದು ಕೆರೆಗೆ ಹಾಕು, ಅತ್ತೆಗೆ ತಲೆ ಕೆಟ್ಟಿದೆ ಅಂದುಕೋ.

ಸರಿಯಾಗಿದ್ದರೆ ಒಂದೇ ಒಂದು ಬೇಡಿಕೊಳ್ಳುತ್ತೇನೆ. ನನ್ನ ಮಗನನ್ನು ಅವನ ಅಪ್ಪ ಬಯ್ಯುವುದು ನಿಲ್ಲಬೇಕು. ಮಾಡದ ತಪ್ಪಿಗೆ ಸತ್ತವನು ಎಷ್ಟು ದಿನ ಬೈಸಿಕೊಳ್ಳಬೇಕು? ನಾನು ಹೇಳಿದರೆ ಸೊಸೆಯ ಮೇಲೆ ಚಾಡಿ ಆಗುತ್ತದೆ, ಅವರು ನಂಬುವುದೂ ಇಲ್ಲ. ನೀನೇ ಹೇಳಬೇಕು. ಮೇಲೆ ಜ್ವರ ಅಂತ ಮಲಗು ಅಂದೆನಲ್ಲ, ಅದನ್ನು ಮಾಡಬೇಡ. ಸೋಮವಾರ ಅವರು ಕೀಲಿ ಚಾಚಿದಾಗ ತೆಗೆದುಕೊಳ್ಳಬೇಡ. ಮೊದಲು ಹೇಳು, ಆಮೇಲೆ ಅವರು ಕೊಟ್ಟರೆ ತೆಗೆದುಕೋ.

ಅವರು ಒಬ್ಬರೇ ಹೋಗುತ್ತೇನೆ ಅಂದಿದ್ದಾರೆ. ನಾನು ಬಿಡುವುದಿಲ್ಲ, ಹಿಂದಿನ ಸೀಟಿನಲ್ಲಿ ಕೂತು ಬರುತ್ತೇನೆ. ನೀನು ಹೇಳುವಾಗ ನಿನ್ನ ಪಕ್ಕ ನಿಂತಿರುತ್ತೇನೆ. ಕೇಳಿ ಅವರು ಏನು ಮಾಡುತ್ತಾರೋ ನನಗೂ ಗೊತ್ತಿಲ್ಲ. ಅಳಬಹುದು, ಕೂಗಾಡಬಹುದು, ನಮ್ಮಿಬ್ಬರನ್ನೂ ಅಲ್ಲೇ ಬಿಟ್ಟು ಜೀಪು ತಿರುಗಿಸಿಕೊಂಡು ಹೊರಟರೂ ಹೊರಟಾರು. ಹೊರಡಲಿ. ಕುಣಿಗಲ್ಲಿನಿಂದ ಗುಬ್ಬಿಗೆ ಬಸ್ಸಿದೆ, ಇಬ್ಬರೂ ಅದರಲ್ಲಿ ಬರೋಣ. ಕಿಟಕಿ ಪಕ್ಕ ನಾನು ಕೂರುತ್ತೇನೆ, ನೀನು ರಸ್ತೆ ನೋಡಬೇಡ.